ಊರಿಗೆ ಹೋದಾಗ ತೋರಿಸುವ

ಆ ದಿನ ಬೆಳಿಗ್ಗೆ ಇವರು ನೀರಿನ ಕ್ಯಾನನ್ನು ಎರಡನೇ ಮಹಡಿಯಲ್ಲೇ ಬಿಟ್ಟು ಮೇಲೆ ಬಂದರು.

ನಮ್ಮ ಕೋಣೆ ನಾಲ್ಕನೇ ಮಹಡಿಯಲ್ಲಿ. ದಿಲ್ಲಿಯ ಈ ಮುನಿರ್ಕಾದ ಗಲ್ಲಿಗಳಲ್ಲಿ ಮೇಲೆ ಹೋದಷ್ಟೂ ಬಾಡಿಗೆ ಕಡಿಮೆ. ತಾರಸಿಯ ಟ್ಯಾಂಕಿನ ನೀರು ಬೋರಿನದು, ಉಪ್ಪು. ಅದರಲ್ಲಿ ಸ್ನಾನ ಆಗುತ್ತದೆ, ಪಾತ್ರೆ ತೊಳೆಯಬಹುದು. ಅನ್ನಕ್ಕೆ, ಚಹಾಕ್ಕೆ ಆಗುವುದಿಲ್ಲ. ಸಿಹಿನೀರು ಬರುವುದು ಕೆಳಗೆ ಮನೆ ಮಾಲೀಕರ ಅಂಗಳದ ನಳ್ಳಿಯಲ್ಲಿ, ಅದೂ ಬೆಳಿಗ್ಗೆ ಸ್ವಲ್ಪ ಹೊತ್ತು. ಹಿಡಿದು ಮೇಲೆ ತರುವುದು ಇವರ ಕೆಲಸ. ನನಗೆ ಯಾವತ್ತೂ ಬಿಟ್ಟವರಲ್ಲ.

"ಕ್ಯಾನ್ ಎಲ್ಲಿ?" ಅಂದೆ.

"ಕೆಳಗೆ ಉಂಟು. ಅದಕ್ಕೆ ಸುಸ್ತಾಯಿತಂತೆ, ಕೂತಿದೆ" ಅಂದರು.

ನಾನು ನಗಾಡಿದೆ. ಮಗಳು ಪ್ರಜ್ಞಾ ನಗಲಿಲ್ಲ. ಕಾಲೇಜಿಗೆ ಹೊರಟವಳು ಬ್ಯಾಗು ಇಟ್ಟು ಇಳಿದು ಹೋಗಿ ಕ್ಯಾನ್ ಎತ್ತಿಕೊಂಡು ಬಂದಳು. ಬಂದವಳು ಅಪ್ಪನ ಮುಖ ನೋಡಿ ಹಿಂದಿಯಲ್ಲಿ ಏನೋ ಬೈದಳು. ಡಾಕ್ಟ್ರಿಗೆ ತೋರಿಸಿ ಅಂತ. ಇವರು ಬೈರಾಸಿನಲ್ಲಿ ಹಣೆ ಒರಸಿಕೊಂಡರು. ಜನವರಿಯ ಚಳಿ, ನನ್ನ ಬಾಯಿಂದ ಹೊಗೆ ಬರುತ್ತಿತ್ತು. ಇವರ ಹಣೆಯಲ್ಲಿ ಬೆವರು.

ಇವರ ಎದೆ ಉರಿ ಆವತ್ತು ಶುರುವಾದದ್ದಲ್ಲ. ದೀಪಾವಳಿಯ ಮುಂಚಿನಿಂದ ಇತ್ತು. ಮೆಟ್ಟಿಲು ಹತ್ತಿದರೆ ಬರುತ್ತದೆ, ನಿಂತರೆ ಹೋಗುತ್ತದೆ. ಹೋಗುತ್ತದಲ್ಲ, ಹಾಗಾಗಿ ಗ್ಯಾಸ್ ಅಂದುಕೊಂಡೆವು. ದಿನಾ ಬೆಳಿಗ್ಗೆ ಜೀರಿಗೆ ಕಷಾಯ ಮಾಡಿ ಕೊಡುತ್ತಿದ್ದೆ. ಹೋಳಿ ಮುಗಿದ ಮೇಲೆ ಊರಿಗೆ ಹೋಗುವುದಿತ್ತು, ಟಿಕೆಟ್ ಆಗಿತ್ತು. ಆಗ ನಮ್ಮ ಡಾಕ್ಟ್ರಿಗೆ ತೋರಿಸುವುದು ಅಂತ ಮಾತು.

ಆವತ್ತೂ ಕಷಾಯ ಕುಡಿದರು. ಕುಚಲಕ್ಕಿ ಗಂಜಿ, ಮಿಡಿ ಉಪ್ಪಿನಕಾಯಿ ಉಂಡು ಹೋಟೆಲಿಗೆ ಹೋದರು. ಮಧ್ಯಾಹ್ನದ ಗಿರಾಕಿ ಮುಗಿದ ಮೇಲೆ ದಿನಾ ಒಂದಿಷ್ಟು ಹೊತ್ತು ಮನೆಗೆ ಬರುತ್ತಾರೆ. ಬಂದರು. ಬಹಳ ದಿನದ ಮೇಲೆ ಬಿಸಿಲು ಬಿದ್ದಿತ್ತು. ತಾರಸಿಯಲ್ಲಿ ಚಾಪೆ ಹಾಕಿ ಇಬ್ಬರೂ ಬಟಾಣಿ ಸುಲಿದೆವು. ನಾನು ಸುಲಿದದ್ದನ್ನು ಇವರು ಬಾಯಿಗೆ ಹಾಕಿಕೊಳ್ಳುತ್ತಿದ್ದರು.

"ತಂಗಿಗೆ ಗಜಕ್ ತಗೊಂಡಿಡು ಮಾರಾಯ್ತಿ. ಹೋಳಿ ಆದ ಮೇಲೆ ಸಿಗುವುದಿಲ್ಲ" ಅಂದರು.

ಗಜಕ್ ಅಂದರೆ ಇಲ್ಲಿ ಚಳಿಗಾಲದಲ್ಲಿ ಮಾಡುವ ಎಳ್ಳು ಬೆಲ್ಲದ ತಿಂಡಿ. ಇವರ ತಂಗಿಗೆ ಪ್ರಾಣ. ಹೋಳಿ ಹಬ್ಬಕ್ಕೆ ಇನ್ನೂ ತುಂಬ ದಿನ ಇದೆಯಲ್ಲ, ಮೆತ್ತಗಾಗುತ್ತದೆ ಅಂದೆ. ಡಬ್ಬಿಯಲ್ಲಿ ಹಾಕಿಡು ಅಂದರು. ಆಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಸ್ವಲ್ಪ ಮಲಗಿದರು. ಎದ್ದು ಹೋಟೆಲಿಗೆ ಹೋದರು. ನಾನು ಸಂಜೆ ಪೇಟೆಗೆ ಹೋಗಿ ಗಜಕ್ ತಂದೆ.

ಅಷ್ಟೇ. ಮರುದಿನ ಇವರು ಇರಲಿಲ್ಲ.

ಇವರ ಹೆಸರು ಹೇಳುವ ಅಭ್ಯಾಸ ನನಗಿಲ್ಲ. ಬರೆಯುವಾಗ ಹೇಳಬೇಕಾಗುತ್ತದೆ. ಜಯಾನಂದ. ಕುಂದಾಪುರದ ಉತ್ತರಕ್ಕೆ, ಸಮುದ್ರದ ಬದಿಯ ಊರು. ಏಳನೇ ಕ್ಲಾಸು ಮುಗಿದ ಮೇಲೆ ಅಲ್ಲಿ ಇಲ್ಲಿ ಕೆಲಸ ಮಾಡಿ, ಮೀಸೆ ಬರುವ ಹೊತ್ತಿಗೆ ದಿಲ್ಲಿಗೆ ಬಂದವರು. ಮೊದಲು ಕರೋಲ್‌ಬಾಗಿನ ಒಂದು ಹೋಟೆಲಿನಲ್ಲಿ ತಟ್ಟೆ ತೊಳೆದರು. ಆಮೇಲೆ ರುಬ್ಬುವ ಕೆಲಸ. ಆಮೇಲೆ ನಮ್ಮೂರ ಕಡೆಯ ಒಬ್ಬರು ಮುನಿರ್ಕಾದ ಹತ್ತಿರ ಹೋಟೆಲು ಹಾಕಿದಾಗ ದೋಸೆ ಕಾವಲಿಗೆ ಬಂದರು. ಈಗ ಅದನ್ನು ನಡೆಸುವುದು ಅವರ ಮಗ ರಿತೇಶ್. ಇವರು ಆ ಕಾವಲಿಯ ಮುಂದಿನಿಂದ ಕದಲಲಿಲ್ಲ.

ನಾನು ಮದುವೆಯಾಗಿ ಬಂದಾಗ ಇವರ ತೋಳು ನೋಡಿ ಹೆದರಿದ್ದೆ. ಅಕ್ಕಿ ಮೂಟೆಯನ್ನು ಹೆಗಲಿಗೆ ಹಾಕಿಕೊಂಡು ಹಿಂದಿ ಹಾಡು ಹೇಳಿಕೊಂಡು ಬರುತ್ತಿದ್ದರು. ಒಂದು ದಿನ ಜ್ವರ ಇಲ್ಲ. ತಲೆನೋವು ಗೊತ್ತಿಲ್ಲ. ಇಲ್ಲಿನ ಗಂಡಸರು ಅಂಗಳದಲ್ಲಿ ಮಂಚ ಹಾಕಿ ಹುಕ್ಕಾ ಸೇದುತ್ತಾ ಇವರನ್ನು ನೋಡಿ, ಈ ಮದ್ರಾಸಿ ಅನ್ನ ತಿಂದು ಇಷ್ಟು ಗಟ್ಟಿ ಹೇಗೆ ಅನ್ನುತ್ತಿದ್ದರು. ನಾವು ಮದ್ರಾಸಿನವರಲ್ಲ ಅಂತ ಹೇಳಿ ಹೇಳಿ ನಾವೇ ಬಿಟ್ಟೆವು.

ಕಾವಲಿ ಕೆಲಸ ಸುಲಭ ಅಲ್ಲ. ಬೆಳಿಗ್ಗೆಯಿಂದ ನಿಂತೇ ಇರಬೇಕು. ಮುಂದೆ ಬೆಂಕಿ. ಹಿಂದಿನ ಬಾಗಿಲಿನಿಂದ ಬೆನ್ನಿಗೆ ಚಳಿ. ಸಾಂಬಾರಿನ ಉಪ್ಪು ನೋಡುವುದೂ ಇವರೇ. ಅಂಗೈಗೆ ಹಾಕಿಕೊಂಡು ನೆಕ್ಕುವುದು, ಮತ್ತೆ ಹಾಕಿಕೊಳ್ಳುವುದು. ಹೊಟ್ಟೆಗೆ ಉಪ್ಪು ಎಷ್ಟು ಹೋಗುತ್ತದೆ ಅಂತ ಯಾರು ನೋಡಿದರು. ಊಟ ಎಲ್ಲ ಗಿರಾಕಿ ಎದ್ದ ಮೇಲೆ, ನಿಂತುಕೊಂಡು. ಹಸಿವಾದರೆ ಮುರಿದ ವಡೆ, ಆರಿದ ಬೋಂಡ. ಮೈ ಬಂತು, ಹೊಟ್ಟೆ ಬಂತು. ನಾವು ಅದನ್ನು ಸುಖ ಅಂದುಕೊಂಡೆವು. ಊರಿಗೆ ಹೋದಾಗ ಎಲ್ಲರೂ ದಿಲ್ಲಿಯ ಗಾಳಿ ಹಿಡಿಸಿದೆ ಅನ್ನುತ್ತಿದ್ದರು.

ನಮ್ಮವರಲ್ಲಿ ಒಂದು ಪದ್ಧತಿ ಉಂಟು. ದಿಲ್ಲಿಯಲ್ಲಿ ಆದ ಕಾಯಿಲೆಯನ್ನು ದಿಲ್ಲಿಯಲ್ಲಿ ತೋರಿಸುವುದಿಲ್ಲ. ಜ್ವರ ಬಂದರೆ ಮೂಲೆಯ ಮೆಡಿಕಲ್ಲಿನ ಭಯ್ಯಾನ ಹತ್ತಿರ ಮಾತ್ರೆ. ಉಳಿದದ್ದೆಲ್ಲ ಊರಿಗೆ. ಹಲ್ಲು, ಮಂಡಿ, ಕಣ್ಣು, ಹೆಂಗಸರ ತೊಂದರೆ, ಎಲ್ಲವನ್ನೂ ಕೂಡಿಟ್ಟುಕೊಂಡು ರಜೆಯಲ್ಲಿ ಒಯ್ಯುವುದು. ನಮ್ಮ ಹೋಟೆಲಿನವರು ಮಾತ್ರ ಅಲ್ಲ, ಹೋಟೆಲು ಕೆಲಸದ ಎಲ್ಲರೂ ಹಾಗೆ. ಮೇ ತಿಂಗಳಲ್ಲಿ ನಮ್ಮೂರ ಡಾಕ್ಟ್ರ ಬೆಂಚಿನಲ್ಲಿ ನೋಡಬೇಕು. ಒಬ್ಬ ಬೊಂಬಾಯಿ, ಒಬ್ಬ ಪುಣೆ, ಇಬ್ಬರು ದಿಲ್ಲಿ. ಡಾಕ್ಟ್ರು ನಗಾಡುತ್ತಿದ್ದರು. ನಮ್ಮೂರವರ ಹಣ ಅಲ್ಲಿಯೇ ಖರ್ಚು, ರೋಗ ಮಾತ್ರ ಪಾರ್ಸೆಲ್ ಅನ್ನುತ್ತಿದ್ದರು.

ಯಾಕೆ ಹಾಗೆ ಅಂದರೆ, ಹಿಂದಿ ಬರುವುದಿಲ್ಲ ಅಂತ ಅಲ್ಲ. ಇವರಿಗೆ ನನಗಿಂತ ಚೆನ್ನಾಗಿ ಬರುತ್ತಿತ್ತು. ಹೆದರಿಕೆ ಬೇರೆ. ಇಲ್ಲಿ ತೋರಿಸಿದರೆ ಏನಾದರೂ ಸಿಗುತ್ತದೆ. ಸಿಕ್ಕಿದರೆ ಮಲಗಿಸುತ್ತಾರೆ. ಮಲಗಿಸಿದರೆ ಹತ್ತಿರ ಕೂರುವವರು ಯಾರು? ಊಟ ಒಯ್ಯುವವರು ಯಾರು, ಔಷಧಿಗೆ ಓಡುವವರು ಯಾರು? ಊರಿನಲ್ಲಾದರೆ ಅಣ್ಣ ಇದ್ದಾನೆ, ತಂಗಿ ಇದ್ದಾಳೆ, ಭಾವ ರಾತ್ರಿ ನೆಲದ ಮೇಲೆ ಮಲಗುತ್ತಾನೆ. ಇಲ್ಲಿ ನಾವು ಮೂರು ಜನ. ಹಾಗಂತ ಇವರ ಲೆಕ್ಕ. ನನ್ನದೂ ಅದೇ.

ನಮ್ಮ ಮನೆ ಮಾಲೀಕ ಓಂಬೀರ್ ಚೌಧರಿ. ಮುನಿರ್ಕಾದ ಮೂಲದವರು. ಈಗ ಕಟ್ಟಡ ಇರುವ ಕಡೆ ಅವರ ಅಜ್ಜ ಗೋಧಿ ಬೆಳೆಯುತ್ತಿದ್ದರಂತೆ. ಚೌಧರಿಗೂ ಇವರದೇ ಪ್ರಾಯ. ಕೆಳಗಿನ ಮನೆಯಲ್ಲಿ ಇದ್ದಾರೆ. ಹೋದ ವರ್ಷದ ಚಳಿಯಲ್ಲಿ ಅಂಗಳದಲ್ಲಿ ಕೂತು ಯಾರ ಹತ್ತಿರವೋ ಜಗಳ ಮಾಡುತ್ತಾ ಇದ್ದವರು ಎದೆ ಹಿಡಿದುಕೊಂಡರು. ಅವರೂ ಗ್ಯಾಸ್ ಅಂದರು. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹೆಂಡತಿ ಕೂಗಿದರು, ಒಬ್ಬ ಮಗ ಕಾರು ತೆಗೆದ, ಇನ್ನೊಬ್ಬ ಫೋನ್ ಮಾಡಿದ, ಅಣ್ಣನ ಮಗ ಹತ್ತಿರದ ದೊಡ್ಡ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಾನೆ, ಅವನು ಗೇಟಿಗೆ ಬಂದು ನಿಂತ. ಗಲ್ಲಿಯ ಅರ್ಧ ಗಂಡಸರು ಹಿಂದೆಯೇ ಹೋದರು. ಅದೇ ದಿನ ಎದೆಯ ನಾಳಕ್ಕೆ ಸ್ಟೆಂಟ್ ಹಾಕಿದರು. ಇಲ್ಲಿನವರು ಅದಕ್ಕೆ ಛಲ್ಲಾ ಅನ್ನುತ್ತಾರೆ, ಉಂಗುರ ಅಂತ.

ಬಂದ ಮೇಲೆ ಚೌಧರಿ ಆಟದ ಸಾಮಾನು ಸಿಕ್ಕ ಮಗುವಿನ ಹಾಗೆ. ಎಲ್ಲರಿಗೂ ಛಲ್ಲಾದ ಕತೆ. ಬೆಳಿಗ್ಗೆ ಪಾರ್ಕಿಗೆ ನಡೆಯಲು ಹೋಗುವಾಗ ಇವರು ನಳ್ಳಿಯ ಹತ್ತಿರ ನೀರು ಹಿಡಿಯುತ್ತಿರುತ್ತಾರೆ.

"ಓಯ್ ಮದ್ರಾಸಿ, ನನ್ನ ಎದೆಯಲ್ಲಿ ಲೋಹ ಉಂಟು. ಆದರೂ ನಿನಗಿಂತ ಮೊದಲು ಗಲ್ಲಿ ದಾಟುತ್ತೇನೆ, ಪಂಥ ಕಟ್ಟು" ಅನ್ನುತ್ತಿದ್ದರು.

"ಚೌಧರಿ ಸಾಬ್, ನೀವು ತುಪ್ಪ ಕುಡಿದು ಬೆಳೆದವರು. ನಾನು ತುಪ್ಪವನ್ನು ದೋಸೆಗೆ ಹಚ್ಚಿದವನು ಮಾತ್ರ" ಅನ್ನುತ್ತಿದ್ದರು ಇವರು.

ಇಬ್ಬರಿಗೂ ಇದು ದಿನದ ಮಾತು. ನನಗೆ ಮೇಲಿನವರೆಗೆ ಕೇಳುತ್ತಿತ್ತು.

ದೀಪಾವಳಿ ಆದ ಮೇಲೆ ಚೌಧರಿಯ ಮನೆಯವರು ಚೌಪಾಲಿನಲ್ಲಿ, ಅಂದರೆ ಇಲ್ಲಿನವರು ಪಂಚಾತಿಕೆಗೆ ಸೇರುವ ಕಟ್ಟೆಯಲ್ಲಿ, ಎದೆ ಪರೀಕ್ಷೆಯ ಕ್ಯಾಂಪ್ ಮಾಡಿಸಿದರು. ಎಲ್ಲರೂ ಬರಬಹುದು ಅಂತ ಮೈಕಿನಲ್ಲಿ ಹೇಳಿದರು. ಇವರು ಹೋಗಲಿಲ್ಲ. ಅದು ಊರಿನವರಿಗೆ ಅಂದರು. ನಾವು ಇಲ್ಲಿಗೆ ಬಂದು ಮಗಳು ಹುಟ್ಟಿ ಕಾಲೇಜಿಗೆ ಹೋಗುತ್ತಿದ್ದಾಳೆ. ಆದರೂ ಊರು ಅಂದರೆ ಇವರಿಗೆ ಚೌಧರಿಯ ಊರು, ಅಥವಾ ಕುಂದಾಪುರದ ಉತ್ತರದ ನಮ್ಮ ಊರು. ನಡುವೆ ನಾವಿರುವ ಜಾಗಕ್ಕೆ ಹೆಸರಿಲ್ಲ.

ಚೌಧರಿಯೇ ಹೋಟೆಲಿಗೆ ಬಂದು ತೋಳು ಹಿಡಿದು ಎಳೆದುಕೊಂಡು ಹೋದರು. ಬಿಪಿ ನೋಡಿದರು. ಎದೆಗೆ ತಂತಿ ಅಂಟಿಸಿ ಇಸಿಜಿ ತೆಗೆದರು. ಡಾಕ್ಟ್ರು ಚಿಕ್ಕ ಪ್ರಾಯದವನು. ಇವರ ಹತ್ತಿರ ಮೆಟ್ಟಿಲು ಹತ್ತುವಾಗ ಏನಾಗುತ್ತದೆ ಅಂತ ಕೇಳಿದ. ಇವರು ಇದ್ದದ್ದನ್ನು ಹೇಳಿದರು. ಅವನು ನಾಳೆಯೇ ಆಸ್ಪತ್ರೆಗೆ ಬನ್ನಿ, ಇನ್ನೂ ಪರೀಕ್ಷೆ ಆಗಬೇಕು, ತಡ ಮಾಡಬೇಡಿ ಅಂದ. ಮಾತ್ರೆಯನ್ನೂ ಕೊಟ್ಟ. ಚೌಧರಿ ಪಕ್ಕದಲ್ಲೇ ಇದ್ದರು.

"ಗುರುವಾರ ನನ್ನ ಚೆಕಪ್ ಉಂಟು. ನನ್ನ ಗಾಡಿಯಲ್ಲಿ ಬಾ. ನನ್ನ ಅಣ್ಣನ ಮಗ ನಿಲ್ಲುತ್ತಾನೆ, ಲೈನು ಗೀನು ಏನಿಲ್ಲ" ಅಂದರಂತೆ.

ಇವರು ಅಚ್ಛಾ ಜೀ ಅಂದು ಬಂದರು.

ಮನೆಗೆ ಬಂದು ಇದನ್ನೆಲ್ಲ ಹೇಳುವಾಗ ನಗುತ್ತಿದ್ದರು. ಗುರುವಾರ ಹೋಗುತ್ತೀರಾ ಅಂದೆ. ಚೌಧರಿಯ ಕಾರಿನಲ್ಲಿ ಅವನ ಮನೆಯವರ ನಡುವೆ ಕೂತು ಹೋಗಿ, ಅವರು ಮಲಗು ಅಂದರೆ ಮಲಗಿ, ಅವನ ಮಕ್ಕಳು ನನಗೆ ಊಟ ತರುವುದಾ, ಬಾಡಿಗೆಯವನಿಗೆ, ಅಂದರು. ಅದೂ ಹೌದು ಅನ್ನಿಸಿತು ನನಗೆ. ಮಾತ್ರೆ ಮುಗಿಯುವವರೆಗೆ ತಗೊಂಡರು. ಮುಗಿದ ಮೇಲೆ ಹೇಗೂ ಊರಿಗೆ ಹೋಗುತ್ತೇವಲ್ಲ ಅಂದರು.

"ಊರಿಗೆ ಹೋದಾಗ ತೋರಿಸುವ."

ಆಯ್ತು, ಊರಿಗೆ ಹೋದಾಗ ತೋರಿಸುವ ಅಂದೆ ನಾನೂ. ಪ್ರಜ್ಞಾ ಒಬ್ಬಳೇ ಕೂಗಾಡಿದಳು. ಅವಳು ಇಲ್ಲಿ ಹುಟ್ಟಿದವಳು. ಅವಳಿಗೆ ಕಾಯಿಲೆಯನ್ನು ರೈಲಿನಲ್ಲಿ ಒಯ್ಯುವುದು ಅರ್ಥವೇ ಆಗುವುದಿಲ್ಲ. ಪಾಪಾ, ಹಾರ್ಟ್ ಛುಟ್ಟಿ ದೇಖ್ ಕೇ ನಹೀ ಚಲ್ತಾ ಅಂದಳು. ಹೃದಯ ರಜೆ ನೋಡಿಕೊಂಡು ಓಡುವುದಿಲ್ಲ ಅಂತ. ಇವರು ಅವಳ ತಲೆ ಸವರಿದರು. ದೊಡ್ಡ ಡಾಕ್ಟ್ರು ಬಂದಳು ಅಂದರು.

ನಿಜ ಹೇಳಬೇಕೆಂದರೆ ಆಗ ಹೋಳಿಯ ಮಾತು ಇರಲಿಲ್ಲ. ಇವರ ರಜೆಯ ಪಾಳಿ ಇದ್ದದ್ದು ಡಿಸೆಂಬರಿಗೆ. ಹೋಟೆಲಿನ ಒಳಗೆ ಕೆಲಸ ಗೊತ್ತಿದ್ದವರು ನಾಲ್ಕೇ ಜನ. ಒಬ್ಬ ಊರಿಗೆ ಹೋಗಿ ಬಂದ ಮೇಲೆಯೇ ಇನ್ನೊಬ್ಬ ಹೊರಡುವುದು. ಅದು ರಿತೇಶನ ಅಪ್ಪ ಮಾಡಿದ ನಿಯಮ, ಯಾರೂ ಮುರಿದದ್ದಿಲ್ಲ. ಇವರ ನಂತರದ ಪಾಳಿ ಇಂದುಶೇಖರನದು. ಅವನು ಚಟ್ನಿ, ಸಾಂಬಾರು ಮಾಡುವವನು, ಬೈಂದೂರಿನ ಕಡೆಯವನು, ನಮಗೆ ತಮ್ಮನ ಹಾಗೆ. ಅವನ ತಂಗಿಯ ಮದುವೆ ಡಿಸೆಂಬರಿಗೆ ನಿಶ್ಚಯವಾಯಿತು. ಅವನು ಇವರ ಹತ್ತಿರ ಬಂದು ತಲೆ ಕೆರೆದುಕೊಂಡು ನಿಂತ. ಕೇಳುವುದಕ್ಕೂ ಬಿಡಲಿಲ್ಲ ಇವರು. ನೀನು ಹೋಗು ಮಾರಾಯ, ತಂಗಿಯ ಮದುವೆ ಒಂದೇ ಸಲ, ನನ್ನ ಎದೆ ಎಲ್ಲಿಗೂ ಓಡಿಹೋಗುವುದಿಲ್ಲ ಅಂದರು. ಇವರ ಪಾಳಿ ಹೋಳಿಯ ಆಚೆಗೆ ಹೋಯಿತು.

ಆ ಮದುವೆಯ ಫೋಟೋ ಇಂದುಶೇಖರ ತಂದು ತೋರಿಸಿದಾಗ ಇವರು ಒಂದೊಂದನ್ನೇ ನೋಡಿದರು. ಅಡುಗೆ ಯಾರದು, ಹೋಳಿಗೆ ಹೇಗಿತ್ತು ಅಂತ ಕೇಳಿದರು. ಇಂದುಶೇಖರನಿಗೆ ಈಗ ಆ ಫೋಟೋ ನೋಡಲು ಆಗುವುದಿಲ್ಲ ಅಂತ ಅವನ ಹೆಂಡತಿ ಫೋನಿನಲ್ಲಿ ಹೇಳಿದಳು. ಅವನ ತಪ್ಪೇನೂ ಇಲ್ಲ. ನಾನು ಅವನಿಗೂ ಹೇಳಿದ್ದೇನೆ.

ಚಳಿ ಹೆಚ್ಚಾದ ಹಾಗೆ ಇವರು ನೀರು ತರುವುದು ತಡವಾಗುತ್ತಾ ಬಂತು. ಎರಡನೇ ಮಹಡಿಯ ತಿರುವಿನಲ್ಲಿ ಒಂದು ಕಿಟಕಿ ಉಂಟು. ಅಲ್ಲಿ ಕ್ಯಾನ್ ಇಳಿಸಿ ನಿಲ್ಲುತ್ತಿದ್ದರು. ಮೇಲಿನಿಂದ ಬಗ್ಗಿ, ಎಂತ ಮಾಡುತ್ತಾ ಇದ್ದೀರಿ ಅಲ್ಲಿ, ಅನ್ನುತ್ತಿದ್ದೆ. ಮಂಜು ಬಿಟ್ಟಿತಾ ನೋಡುತ್ತಿದ್ದೇನೆ ಅನ್ನುತ್ತಿದ್ದರು. ಚಹಾಕ್ಕೆ ತಡವಾಯಿತು, ಮಂಜು ಆಮೇಲೆ ನೋಡಿ ಅನ್ನುತ್ತಿದ್ದೆ ನಾನು.

ಇನ್ನು ಆ ಮರುದಿನದ್ದು.

ಬೆಳಿಗ್ಗೆ ನೀರು ತಂದರು. ಹಿಂದಿನ ದಿನದ ಹಾಗೆ ಬಿಟ್ಟು ಬರಲಿಲ್ಲ, ಪ್ರಜ್ಞಾ ಬೈಯುತ್ತಾಳೆ ಅಂತ ಇರಬೇಕು. ಮೇಲಿನವರೆಗೆ ತಂದೇ ಇಳಿಸಿದರು. ಕಷಾಯ ಅರ್ಧ ಕುಡಿದರು. ಹೊರಡುವಾಗ ಗಜಕ್ ತಂದಿಟ್ಟೆಯಾ ಅಂತ ಕೇಳಿದರು. ತಂದಿದ್ದೇನೆ ಅಂದೆ.

ಹೋಟೆಲಿನಲ್ಲಿ ಆದದ್ದನ್ನು ಇಂದುಶೇಖರ ಹೇಳಿದ. ಮಧ್ಯಾಹ್ನದ ಗಿರಾಕಿ ತುಂಬಿತ್ತು. ಇವರು ಕಾವಲಿಯ ಮೇಲೆ ದೋಸೆ ಹಾಕಿ ಮಗುಚಲೇ ಇಲ್ಲ. ಸೀದ ವಾಸನೆ ಬಂದು ಅವನು ತಿರುಗಿ ನೋಡಿದ. ಇವರ ಕೈಯಲ್ಲಿ ದೋಸೆ ಸೀದದ್ದನ್ನು ಅವನು ಯಾವತ್ತೂ ನೋಡಿರಲಿಲ್ಲ. ಇವರು ಎಡಗೈ ಹಿಡಿದುಕೊಂಡು ಹಿಟ್ಟಿನ ಡ್ರಮ್ಮಿನ ಮೇಲೆ ಕೂತಿದ್ದರು. ಮುಖ ಬೂದಿ. ನಿಂಬೆ ಸೋಡಾ ಕೊಟ್ಟರು. ರಿತೇಶ್ ಓಡಿ ಬಂದು ಆಸ್ಪತ್ರೆಗೆ ಹೋಗುವ ಅಂದ.

"ಬೇಡ ರಿತೇಶಾ, ಗ್ಯಾಸ್. ಟಿಕೆಟ್ ಆಗಿದೆ, ಊರಲ್ಲಿ ತೋರಿಸುತ್ತೇನೆ. ಹೊರಗೆ ಜನ ಕೂತಿದ್ದಾರೆ ನೋಡು" ಅಂದರು.

ಅಷ್ಟೇ ಇವರ ಕೊನೆಯ ಮಾತು. ಎದ್ದು ಕಾವಲಿಗೆ ಬರಲು ನೋಡಿದರು. ಆಗಲಿಲ್ಲ. ಅಕ್ಕಿ ಮೂಟೆಗಳ ಮೇಲೆ ಮಲಗಿಸಿದರು. ಸ್ವಲ್ಪ ಮಲಗಿದರೆ ಸರಿಯಾಗುತ್ತದೆ ಅಂತ ಒಬ್ಬರು ಅಂದರು, ಮನೆಗೆ ಕರೆದುಕೊಂಡು ಹೋಗುವ ಅಂತ ಇನ್ನೊಬ್ಬರು. ಹಿರಿಯರ ಮಾತು ಮೀರಲು ರಿತೇಶನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಅವನು ಇವರ ತೊಡೆಯ ಮೇಲೆ ಆಡಿ ಬೆಳೆದವನು, ಇವರು ಬೇಡ ಅಂದರೆ ಅವನಿಗೆ ಬೇಡವೇ. ಕೊನೆಗೆ ಇವರನ್ನು ಕೇಳದೆ ಎತ್ತಿ ಕಾರಿಗೆ ಹಾಕಿಕೊಂಡ. ಆಗ ಇವರಿಗೆ ಬೇಡ ಅನ್ನಲು ಶಕ್ತಿ ಇರಲಿಲ್ಲ.

ನನಗೆ ಫೋನ್ ಬಂತು. ಮೆಟ್ಟಿಲು ಹೇಗೆ ಇಳಿದೆನೋ ಗೊತ್ತಿಲ್ಲ. ಅಂಗಳದಲ್ಲಿ ಚೌಧರಿ ಬಿಸಿಲಿಗೆ ಕೂತಿದ್ದರು. ನನ್ನ ಮುಖ ನೋಡಿಯೇ ಎದ್ದರು. ಇವರನ್ನು ರಿತೇಶ್ ಆ ದೊಡ್ಡ ಆಸ್ಪತ್ರೆಗೆ ಒಯ್ಯುತ್ತಿದ್ದಾನೆ ಅಂದೆ. ಮಗನಿಗೆ ಕಾರು ತೆಗೆ ಅಂದರು. ಅಣ್ಣನ ಮಗನಿಗೆ ಫೋನ್ ಮಾಡಿ, ನಮ್ಮ ಮನೆಯವನು ಬರುತ್ತಿದ್ದಾನೆ, ಗೇಟಿನಲ್ಲಿ ನಿಲ್ಲು ಅಂದರು. ಹಮಾರೇ ಘರ್ ಕಾ ಆದ್ಮೀ ಅಂದರು. ನಾನು ಅದನ್ನು ಕೇಳಿದೆ. ಆಗ ಅದರ ಕಡೆ ಗಮನ ಹೋಗಲಿಲ್ಲ. ಆಮೇಲೆ ಹೋಯಿತು.

ಆ ಅಣ್ಣನ ಮಗ ಗೇಟಿನಲ್ಲಿ ನಿಂತಿದ್ದ. ಸ್ಟ್ರೆಚರ್ ತಂದಿಟ್ಟಿದ್ದ. ರಿತೇಶನ ಕಾರು ಬಂದಾಗ ಒಂದು ಕ್ಷಣ ತಡ ಆಗಲಿಲ್ಲ. ಡಾಕ್ಟ್ರುಗಳು ಎದೆ ಒತ್ತಿದರು, ಕರೆಂಟು ಕೊಟ್ಟರು. ಹೊರಗೆ ಬಂದು, ದಾರಿಯಲ್ಲೇ ಜೀವ ಹೋಗಿದೆ ಅಂದರು. ಮೊದಲೇ ತಂದಿದ್ದರೆ ಅಂತ ಒಬ್ಬರು ಹೇಳಿ ಅಲ್ಲಿಗೇ ನಿಲ್ಲಿಸಿದರು.

ಅಲ್ಲಿ ಎಷ್ಟು ಜನ ಇದ್ದರು. ಚೌಧರಿಯ ಮಕ್ಕಳಿಬ್ಬರೂ ಇದ್ದರು. ಹೋಟೆಲು ಮುಚ್ಚಿ ಎಲ್ಲರೂ ಬಂದಿದ್ದರು. ದಿನಾ ಇವರ ದೋಸೆ ತಿನ್ನುವ ಕಾಲೇಜು ಮಕ್ಕಳು, ಹೆಸರೂ ಗೊತ್ತಿಲ್ಲ ನನಗೆ, ನೆಲದ ಮೇಲೆ ಕೂತಿದ್ದರು. ಮೆಡಿಕಲ್ಲಿನ ಭಯ್ಯಾ ಬಂದಿದ್ದ. ಚೌಧರಿಯ ಹೆಂಡತಿ ನನಗೂ ಪ್ರಜ್ಞಾಳಿಗೂ ಡಬ್ಬಿಯಲ್ಲಿ ರೊಟ್ಟಿ ತಂದು, ತಿನ್ನು ಬೇಟಿ ಅಂತ ತುಂಡು ಮಾಡಿ ಬಾಯಿಗೆ ಇಡಲು ಬಂದರು. ನನಗೆ ಇವರ ಮಾತು ನೆನಪಾಯಿತು. ಊಟ ಒಯ್ಯುವವರು ಯಾರು ಅಂದದ್ದು. ಈ ಜನ ಎಲ್ಲ ನಿನ್ನೆಯೂ ಇದ್ದರು. ದೀಪಾವಳಿಯಲ್ಲೂ ಇದ್ದರು. ನಾವು ಲೆಕ್ಕಕ್ಕೆ ತಗೊಂಡಿರಲಿಲ್ಲ.

ಚೌಧರಿ ಗೋಡೆಗೆ ಒರಗಿ ಅಳುತ್ತಿದ್ದರು. ಗುರುವಾರ ಕರೆದಿದ್ದೆ, ಗುರುವಾರ ಕರೆದಿದ್ದೆ ಅಂತ ಅದನ್ನೇ ಹೇಳುತ್ತಿದ್ದರು. ಅವರ ಎದೆಗೇನಾದರೂ ಆದೀತು ಅಂತ ಮಗ ಹಿಡಿದುಕೊಂಡಿದ್ದ.

ಹೋಳಿಯ ನಂತರ ಆ ಟಿಕೆಟಿನ ದಿನವೇ ನಾನೂ ಪ್ರಜ್ಞಾಳೂ ಊರಿಗೆ ಹೋದೆವು. ಇವರ ಬೂದಿಯನ್ನು ಉಳಿಸಿ ಇಟ್ಟುಕೊಂಡಿದ್ದೆ. ಸಮುದ್ರಕ್ಕೆ ಬಿಟ್ಟೆವು. ಗಜಕ್ ಡಬ್ಬಿಯನ್ನು ನಾದಿನಿಗೆ ಕೊಟ್ಟೆ. ಇದೆಂತಕ್ಕೆ ಈಗ ಅಂದಳು. ತರಲು ಹೇಳಿದ್ದರು ಅಂದೆ.

ಒಂದು ದಿನ ನಮ್ಮ ಡಾಕ್ಟ್ರ ಹತ್ತಿರ ಹೋದೆ. ನನಗೇನೂ ಕಾಯಿಲೆ ಇರಲಿಲ್ಲ. ಬೆಂಚಿನಲ್ಲಿ ಕೂತು ನನ್ನ ಸರದಿ ಬಂದಾಗ ಒಳಗೆ ಹೋಗಿ, ಇವರು ನಿಮಗೆ ತೋರಿಸುವುದು ಅಂತ ಇಟ್ಟುಕೊಂಡಿದ್ದರು ಅಂದೆ. ಹೇಗೆ ಬರುತ್ತಿತ್ತು, ಹೇಗೆ ಹೋಗುತ್ತಿತ್ತು ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ವಸಂತಮ್ಮ, ನನ್ನಲ್ಲಿ ಇಸಿಜಿ ಯಂತ್ರ ಕೂಡ ಇಲ್ಲ. ಎದೆಯದ್ದು ಅಂದಿದ್ದರೆ ನಾನು ಮಣಿಪಾಲಕ್ಕೆ ಓಡಿಸುತ್ತಿದ್ದೆ. ಫೋನ್ ಮಾಡಿದ್ದರೆ ಅಲ್ಲೇ ದಿಲ್ಲಿಯಲ್ಲಿ ಆ ಗಳಿಗೆಯಲ್ಲೇ ಹೋಗು ಅನ್ನುತ್ತಿದ್ದೆ. ಅಲ್ಲಿ ಇರುವಷ್ಟು ನಮ್ಮಲ್ಲಿ ಎಲ್ಲುಂಟು."

ನನ್ನ ಹೆಸರು ವಸಂತಿ. ಅವರು ಯಾವತ್ತೂ ಅಮ್ಮ ಸೇರಿಸಿ ಕರೆದವರಲ್ಲ. ಆವತ್ತು ಕರೆದರು. ಫೋನ್ ಮಾಡುವುದು ನಮಗೆ ಹೊಳೆಯಲೇ ಇಲ್ಲ. ಕೈಯಲ್ಲಿ ಫೋನು ಇಟ್ಟುಕೊಂಡೇ ರೈಲು ಕಾಯುತ್ತಾ ಕೂತಿದ್ದೆವು.

ಊರಲ್ಲೇ ಇದ್ದುಬಿಡು ಅಂದರು ಎಲ್ಲರೂ. ಪ್ರಜ್ಞಾಳ ಕಾಲೇಜು ಉಂಟಲ್ಲ. ವಾಪಸು ಬಂದೆ. ರಿತೇಶನ ಹೋಟೆಲಿನಲ್ಲಿ ಈಗ ತರಕಾರಿ ಹೆಚ್ಚುತ್ತೇನೆ, ತೆಂಗಿನಕಾಯಿ ಹೆರೆಯುತ್ತೇನೆ. ಕಾವಲಿಯ ಕಡೆಗೆ ಬೆನ್ನು ಹಾಕಿ ಕೂರುತ್ತೇನೆ.

ಬೇಸಿಗೆಯಲ್ಲಿ ಒಂದು ಮೆಡಿಕಲ್ ಕಾಲೇಜಿನ ಇಬ್ಬರು ಹುಡುಗಿಯರು ಗಲ್ಲಿಗೆ ಬಂದರು. ಮನೆ ಮನೆಗೆ ಹೋಗಿ ಎದೆ, ಬಿಪಿ, ಸಕ್ಕರೆ ಅಂತ ಕೇಳುತ್ತಿದ್ದರು. ಮೊದಲು ಕೆಳಗೆ ಚೌಧರಿಯ ಮನೆ, ಆಮೇಲೆ ಮೆಟ್ಟಿಲು ಹತ್ತಿ ನಮ್ಮಲ್ಲಿ. ಇಬ್ಬರೂ ಏದುಸಿರು ಬಿಡುತ್ತಿದ್ದರು, ನೀರು ಕೊಟ್ಟೆ. ಯಾವ ರಾಜ್ಯ, ದಿಲ್ಲಿಗೆ ಬಂದು ಎಷ್ಟು ವರ್ಷ ಅಂತ ಕೇಳಿದರು. ಇದೆಲ್ಲ ಯಾಕೆ ಅಂದೆ. ಹೊರಗಿನಿಂದ ಬಂದವರ ಎದೆಗೂ ಇಲ್ಲಿಯವರ ಎದೆಗೂ ಏನು ವ್ಯತ್ಯಾಸ ಅಂತ ನೋಡುತ್ತಿದ್ದೇವೆ ಅಂದಳು ಒಬ್ಬಳು. ಊರು ಬಿಟ್ಟು ಬರುವವರು ಬರುವಾಗ ಗಟ್ಟಿಯಾಗಿಯೇ ಇರುತ್ತಾರೆ ಆಂಟೀ, ಗಟ್ಟಿ ಇದ್ದವರೇ ತಾನೆ ಹೊರಡುವುದು, ಆಮೇಲೆ ವರ್ಷ ಕಳೆದ ಹಾಗೆ ಏನಾಗುತ್ತದೆ ಅನ್ನುವುದು ನಮ್ಮ ಪ್ರಶ್ನೆ ಅಂದಳು. ನಾನು ಅಕ್ಕಿ ಮೂಟೆಯದ್ದು ಹೇಳಿದೆ. ಹಾಡಿನದ್ದೂ ಹೇಳಿದೆ. ಅವಳು ಹಾಡನ್ನು ಬರೆದುಕೊಳ್ಳಲಿಲ್ಲ.

"ಡಾಕ್ಟ್ರಿಗೆ ತೋರಿಸುತ್ತಿದ್ದರಾ?" ಅಂತ ಕೇಳಿದಳು.

"ಹೌದು. ವರ್ಷಕ್ಕೊಂದು ಸಲ, ಊರಲ್ಲಿ."

"ಇಲ್ಲಿ?"

"ಇಲ್ಲಿ ನಾವು ಕೆಲಸಕ್ಕೆ ಬಂದವರು" ಅಂದೆ.

ಅವಳು ತಲೆ ಎತ್ತಿ ನನ್ನನ್ನೇ ನೋಡಿದಳು. ಆಮೇಲೆ ನನ್ನ ತೋಳಿಗೆ ಪಟ್ಟಿ ಕಟ್ಟಿದಳು. ನನ್ನ ಬಿಪಿಯೂ ಹೆಚ್ಚು. ಮರುದಿನವೇ ಹೋಗಿ ತೋರಿಸಿದೆ. ಚೌಧರಿಯ ಕಾರಿನಲ್ಲಿ, ಹಿಂದಿನ ಸೀಟಿನಲ್ಲಿ, ಅವರ ಹೆಂಡತಿಯ ಪಕ್ಕ ಕೂತು ಹೋದೆ. ಏನೂ ಆಗಲಿಲ್ಲ. ದಾರಿಯಲ್ಲಿ ಅವರು ಕಿತ್ತಳೆ ಸುಲಿದು ಕೊಟ್ಟರು. ಇಷ್ಟೇ ಇತ್ತು ಅದು.

ಚೌಧರಿ ನಮಗೆ ಕೆಳಗಿನ ಕೋಣೆ ಖಾಲಿ ಮಾಡಿಸಿ ಕೊಡುತ್ತೇನೆ ಅಂದಿದ್ದಾರೆ. ಸಿಹಿನೀರಿಗೆ ಮೇಲಿನವರೆಗೆ ಪೈಪು ಎಳೆಸುತ್ತೇನೆ ಅಂತಲೂ ಹೇಳಿದರು. ಪ್ರಜ್ಞಾ ಬಾಟಲಿ ನೀರು ತರಿಸುವ ಅನ್ನುತ್ತಾಳೆ. ನಾನು ಸದ್ಯಕ್ಕೆ ಬೇಡ ಅಂದಿದ್ದೇನೆ.

ಬೆಳಿಗ್ಗೆ ಮಾತ್ರೆ ನುಂಗಿ ಕೆಳಗೆ ಹೋಗುತ್ತೇನೆ. ದೊಡ್ಡ ಕ್ಯಾನ್ ನನ್ನಿಂದ ಆಗುವುದಿಲ್ಲ, ಎರಡು ಚಿಕ್ಕದು ಇಟ್ಟುಕೊಂಡಿದ್ದೇನೆ. ಚೌಧರಿ ಪಾರ್ಕಿಗೆ ಹೊರಡುವ ಹೊತ್ತು. ನಮಸ್ತೆ ಅನ್ನುತ್ತಾರೆ, ಪಂಥದ ಮಾತು ಆಡುವುದಿಲ್ಲ. ನೀರು ಹಿಡಿದು ಹತ್ತುತ್ತೇನೆ. ಎರಡನೇ ಮಹಡಿಯ ತಿರುವಿನಲ್ಲಿ ಎರಡನ್ನೂ ಇಳಿಸುತ್ತೇನೆ. ಕಿಟಕಿಯ ಹತ್ತಿರ ನಿಲ್ಲುತ್ತೇನೆ. ಆ ಕಿಟಕಿಯಿಂದ ಮಂಜು ಕಾಣುವುದಿಲ್ಲ, ಆಕಾಶವೂ ಕಾಣುವುದಿಲ್ಲ. ಕೈ ಚಾಚಿದರೆ ಪಕ್ಕದ ಮನೆಯ ಗೋಡೆ. ಇಷ್ಟು ವರ್ಷ ಅದೇ ಮೆಟ್ಟಿಲು ಹತ್ತಿ ಇಳಿದಿದ್ದೇನೆ, ಆ ಗೋಡೆ ಇರುವುದು ನನಗೂ ಗೊತ್ತಿತ್ತು.

ಉಸಿರು ಸರಿಯಾದ ಮೇಲೆ ಕ್ಯಾನ್ ಎತ್ತಿಕೊಂಡು ಮೇಲೆ ಹೋಗುತ್ತೇನೆ. ಚಹಾಕ್ಕೆ ನೀರು ಇಡುತ್ತೇನೆ.